ಲ್ಯಾಬ್ ಬೀಗದ ಕೈ ನನಗೆ ಸಿಕ್ಕಿದೆ. ಸಾಮಾನಿದೆ, ಪೀರಿಯಡ್ ಇಲ್ಲ. ಏನು ಮಾಡಲಿ?

ಬೀಗದ ಕೈ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕ. ಈ ಸಲ ವರ್ಗಾವಣೆಯಾಗಿ ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಬಂದೆ. ಬಂದ ಮೂರನೇ ದಿನ ಹೆಡ್‌ಮಾಸ್ಟರ್ ಒಂದು ಬೀಗದ ಕೈ, ಒಂದು ದಾಸ್ತಾನು ಪುಸ್ತಕ ಕೊಟ್ಟು "ಇವತ್ತಿಂದ ಲ್ಯಾಬ್ ಚಾರ್ಜ್ ನಿಮ್ಮದು" ಅಂದರು. ಬೀಗ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ತೆಗೆಯುವಷ್ಟರಲ್ಲಿ ಒಂದು ಪೀರಿಯಡ್ ಹೋಯಿತು.

ಅರ್ಧ ಕೋಣೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆ. ಒಂದು ಮೂಲೆಯಲ್ಲಿ ಹಳೇ ಪಠ್ಯಪುಸ್ತಕ, ಮುರಿದ ಡೆಸ್ಕು. ಗೋಡೆಗೆ ನಾಲ್ಕು ಕಬ್ಬಿಣದ ಬೀರು. ಅದರಲ್ಲಿ ಎರಡು ಸೂಕ್ಷ್ಮದರ್ಶಕ, ಒಂದಕ್ಕೆ ಮೇಲಿನ ಮಸೂರವೇ ಇಲ್ಲ. ಐದು ಡಜನ್ ಪ್ರನಾಳ (ಟೆಸ್ಟ್ ಟ್ಯೂಬ್), ಸುತ್ತಿದ ನ್ಯೂಸ್‌ಪೇಪರ್ ಕೂಡ ಬಿಚ್ಚಿಲ್ಲ. ಹನ್ನೊಂದು ದಂಡಕಾಂತ, ಒಂದೂ ಗುಂಡುಸೂಜಿ ಎತ್ತುವುದಿಲ್ಲ. ಮೂರು ಅಮ್ಮೀಟರ್. ಆಳೆತ್ತರದ ಒಂದು ಅಸ್ಥಿಪಂಜರ. ಚೀಟಿ ಉದುರಿಹೋದ ಆರು ಬಾಟಲಿ. ಸೀಮೆಎಣ್ಣೆ ಪೂರ್ತಿ ಆರಿಹೋದ ಒಂದು ಸಣ್ಣ ಬಾಟಲಿ, ಒಳಗೆ ಬಿಳಿ ಹೊಪ್ಪಳೆ ಕಟ್ಟಿದ ಗಟ್ಟಿ. ಸೋಡಿಯಂ ಇರಬೇಕು ಅಂತ ಅನುಮಾನ. ಪುಸ್ತಕದ ಪ್ರಕಾರ ನಮ್ಮದು ಶ್ರೀಮಂತ ಲ್ಯಾಬ್.

8, 9, 10ನೇ ತರಗತಿ ಎರಡೆರಡು ಸೆಕ್ಷನ್. ಒಟ್ಟು 212 ಮಕ್ಕಳು. ವಿಜ್ಞಾನ, ಗಣಿತ ಎರಡಕ್ಕೂ ಸೇರಿ ನಾನು, ಒಬ್ಬ ಅತಿಥಿ ಶಿಕ್ಷಕರು, ಜೀವಶಾಸ್ತ್ರಕ್ಕೆ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಮೇಡಂ. ಲ್ಯಾಬ್ ಅಟೆಂಡರ್ ಇಲ್ಲ. ಪೀರಿಯಡ್ 40 ನಿಮಿಷ. ಹೋದ ವಾರ 9ನೇ ತರಗತಿಯವರನ್ನು ಸುಮ್ನೆ ಒಂದು ಸಲ ಕರೆದುಕೊಂಡು ಹೋಗಿ ನೋಡಿದೆ. ಹೋಗಿ ಕೂರಲು 8 ನಿಮಿಷ, ಸಾಮಾನು ಹಂಚಲು 10, ತೊಳೆದು ವಾಪಸ್ ಇಡಲು 10. ಉಳಿದದ್ದು 12 ನಿಮಿಷ. ಆ 12 ನಿಮಿಷದಲ್ಲಿ ಮೂವತ್ತೇಳು ಮಕ್ಕಳಲ್ಲಿ ಈರುಳ್ಳಿ ಸಿಪ್ಪೆಯ ಕೋಶ ನೋಡಿದವರು ಒಂಬತ್ತು ಜನ.

ಸ್ವಲ್ಪ ದುಡ್ಡು ಶಾಲಾ ಅನುದಾನದಲ್ಲಿ ಸಿಗಬಹುದು ಅಂದಿದ್ದಾರೆ. ಏನು ತರಲಿ? ವೇಳಾಪಟ್ಟಿಯಲ್ಲಿ ಲ್ಯಾಬ್ ಎಲ್ಲಿ ತೂರಿಸಲಿ? ಇನ್ನೊಂದು, ಕೇಳಲು ನಾಚಿಕೆ, ಆದರೂ ಕೇಳುತ್ತೇನೆ: ಮಕ್ಕಳ ಕೈಯಲ್ಲಿ ಒಡೆದರೆ ಚಾರ್ಜ್ ಕೊಡುವಾಗ ನಾನು ಕಟ್ಟಿಕೊಡಬೇಕಾ?

ಪಿಯು ಕೆಮಿಸ್ಟ್ರಿ:

ಸರ್, ಬೇರೆ ಎಲ್ಲದಕ್ಕೂ ಮೊದಲು ಆ ಸಣ್ಣ ಬಾಟಲಿ. ಅದನ್ನು ತೆರೆಯಬೇಡಿ, ಅಲ್ಲಾಡಿಸಬೇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ನೀರಿನಿಂದ ದೂರ ಒಂದು ಒಣ ಮರಳಿನ ಡಬ್ಬಿಯಲ್ಲಿ ನಿಲ್ಲಿಸಿ, ಬೀರುವಿಗೆ ಬೀಗ ಹಾಕಿ. ಹತ್ತಿರದ ಪಿಯು ಅಥವಾ ಡಿಗ್ರಿ ಕಾಲೇಜಿನ ಕೆಮಿಸ್ಟ್ರಿಯವರನ್ನು ಕರೆಸಿ. ಸಿಂಕಿಗೆ ಹಾಕಿ ಮುಗಿಸೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಸೋಡಿಯಂ ನೀರಿಗೆ ಬಿದ್ದರೆ ಹೊತ್ತಿ ಸಿಡಿಯುತ್ತದೆ ಅಂತ ನೀವೇ ಪಾಠ ಮಾಡುತ್ತೀರಿ, ಅಲ್ವಾ?

ಚೀಟಿ ಇಲ್ಲದ ಬಾಟಲಿಗಳೂ ಅಷ್ಟೇ. ಮೂಸಿ ನೋಡಿ ಕಂಡುಹಿಡಿಯುವ ಸಾಹಸ ಬೇಡ. ಒಂದು ಪೆಟ್ಟಿಗೆಗೆ ಹಾಕಿ ಮೇಲೆ "ಗೊತ್ತಿಲ್ಲ, ಮುಟ್ಟಬೇಡಿ" ಅಂತ ಬರೆದಿಡಿ. ಆಸಿಡ್ ಯಾವಾಗಲೂ ಕೆಳಗಿನ ಹಲಗೆಯಲ್ಲಿ, ಕಣ್ಣಿನ ಮಟ್ಟಕ್ಕಿಂತ ಮೇಲೆ ಬೇಡವೇ ಬೇಡ. ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಸಿಡ್ ಒಂದೇ ಬೀರುವಿನಲ್ಲಿ ಇಟ್ಟರೆ ಕೆಲವು ತಿಂಗಳಲ್ಲಿ ಎಲ್ಲ ಬಾಟಲಿಯ ಮೇಲೂ ಬಿಳಿ ಪುಡಿ ಕೂರುತ್ತದೆ. ಅದು ಅಮೋನಿಯಂ ಕ್ಲೋರೈಡ್. ನಿಮ್ಮ ಬೀರುವಿನಲ್ಲಿ ಆ ಪುಡಿ ಇದೆ ಅಂತ ಪಂದ್ಯ ಕಟ್ಟುತ್ತೇನೆ.

ಬೀಗದ ಕೈ ಮೇಷ್ಟ್ರು:

ಪುಡಿ ಇದೆ ಸರ್! ನಾನು ಗೋಡೆಯ ಸುಣ್ಣ ಉದುರಿದ್ದು ಅಂದುಕೊಂಡಿದ್ದೆ. ಸಣ್ಣ ಬಾಟಲಿಯನ್ನು ಈಗಲೇ ಮರಳಿಗೆ ಸೇರಿಸಿದೆ.

ನಿವೃತ್ತ ಎಚ್.ಎಂ.:

ಮೇಷ್ಟ್ರೇ, ನಾಚಿಕೆಯ ಪ್ರಶ್ನೆ ಅಂದಿರಲ್ಲ, ಅದೇ ಅಸಲಿ ಪ್ರಶ್ನೆ. ನನ್ನ ಸರ್ವೀಸಿನಲ್ಲಿ ನಾಲ್ಕು ಶಾಲೆ ನೋಡಿದೆ. ನಾಲ್ಕರಲ್ಲೂ ಲ್ಯಾಬ್ ಮುಚ್ಚಿದ್ದು ಸಾಮಾನಿಲ್ಲದೆ ಅಲ್ಲ. "ಚಾರ್ಜ್ ಕೊಡುವಾಗ ಲೆಕ್ಕ ಸರಿ ಬರಬೇಕು" ಅನ್ನುವ ಭಯಕ್ಕೆ. ಆ ಪ್ರನಾಳಗಳ ನ್ಯೂಸ್‌ಪೇಪರ್ ಬಿಚ್ಚದೇ ಇರುವುದಕ್ಕೆ ಬೇರೆ ಕಾರಣ ಇಲ್ಲ.

ನಾನು ಮಾಡಿದ್ದು ಇಷ್ಟು. ದಾಸ್ತಾನು ಪುಸ್ತಕವನ್ನು ಎರಡು ಮಾಡಿದೆ. ಸೂಕ್ಷ್ಮದರ್ಶಕ, ಅಮ್ಮೀಟರ್, ತಕ್ಕಡಿ ಇಂಥವು ಒಂದರಲ್ಲಿ. ಪ್ರನಾಳ, ಬೀಕರ್, ಸ್ಪಿರಿಟ್, ಸೆಲ್, ರಾಸಾಯನಿಕ ಎಲ್ಲ ಖರ್ಚಾಗುವ ಸಾಮಾನು ಅಂತ ಇನ್ನೊಂದರಲ್ಲಿ. ಜೊತೆಗೆ ಹತ್ತು ರೂಪಾಯಿಯ ಒಂದು ನೋಟ್‌ಬುಕ್, "ಒಡೆದದ್ದು" ಅಂತ ಹೆಸರು. ತಾರೀಖು, ತರಗತಿ, ಏನು ಒಡೆಯಿತು, ಯಾವ ಪ್ರಯೋಗ. ತಿಂಗಳ ಕೊನೆಗೆ ನಾನು ಸಹಿ ಹಾಕುತ್ತಿದ್ದೆ. ಯಾವ ತಿಂಗಳು ಆ ಪುಸ್ತಕ ಖಾಲಿ ಬರುತ್ತಿತ್ತೋ ಆ ತಿಂಗಳು ವಿಜ್ಞಾನ ಶಿಕ್ಷಕರನ್ನು ಕರೆದು "ಏನು, ಲ್ಯಾಬ್ ತೆಗೆಯಲೇ ಇಲ್ವಾ?" ಅಂತ ಕೇಳುತ್ತಿದ್ದೆ. ಒಂದು ವರ್ಷದಲ್ಲಿ ಹೆಚ್ಚು ಒಡೆದ ಮೇಷ್ಟ್ರಿಗೆ ಸ್ಟಾಫ್ ರೂಮಿನಲ್ಲಿ ಟೀ ಕೊಡಿಸಿದ್ದೂ ಇದೆ.

ನಿಮ್ಮ ಹೆಡ್‌ಮಾಸ್ಟರ್ ಹತ್ತಿರ ಇದೊಂದು ಮಾತು ಮೊದಲು ಆಡಿಕೊಳ್ಳಿ. ವೇಳಾಪಟ್ಟಿ ಬಗ್ಗೆ ರಾತ್ರಿ ಬರೆಯುತ್ತೇನೆ, ಈಗ ಮೊಮ್ಮಗಳನ್ನು ಸ್ಕೂಲಿನಿಂದ ಕರೆತರಬೇಕು.

ರಿಸಲ್ಟ್ ಗಣಿತ:

ಬೇಜಾರಾಗಬೇಡಿ, ನೇರ ಹೇಳುತ್ತೇನೆ. ಎಸ್‌ಎಸ್‌ಎಲ್‌ಸಿ ವಿಜ್ಞಾನ 80 ಅಂಕ ಲಿಖಿತ, 20 ಆಂತರಿಕ. ಪ್ರಯೋಗ ಪರೀಕ್ಷೆ ಅಂತ ಯಾರೂ ಹೊರಗಿನಿಂದ ಬಂದು ಮಾಡುವುದಿಲ್ಲ. ರಿಸಲ್ಟ್ ಕಡಿಮೆಯಾದರೆ ನೋಟಿಸ್ ಬರುವುದು ಮೇಷ್ಟ್ರಿಗೆ, ಲ್ಯಾಬಿಗಲ್ಲ. ಅಕ್ಟೋಬರ್ ಆದ ಮೇಲೆ ಬೆಳಿಗ್ಗೆ ಸ್ಪೆಷಲ್ ಕ್ಲಾಸ್, ಸಂಜೆ ಗುಂಪು ಅಧ್ಯಯನ. ಇದರ ಮಧ್ಯೆ ಎರಡು ಪೀರಿಯಡ್ ಈರುಳ್ಳಿ ಸುಲಿಯುತ್ತಾ ಕೂರಲು ಆಗುತ್ತದಾ? ಒಂದು ವಿಡಿಯೋ ಹಾಕಿ, ಮುಂದೆ ಹೋಗಿ. ಎಲ್ಲರೂ ಅದನ್ನೇ ಮಾಡುವುದು. ಹೇಳುವವರು ಕಡಿಮೆ.

ಮಲೆನಾಡು ಸಿಬಿಝಡ್:

ಸರ್, ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ನೋಟಿಸ್ ನನಗೂ ಬಂದಿದೆ. ಆದರೆ ವಿಡಿಯೋ ನೋಡಿದ ಮಕ್ಕಳು ನೀರಿನ ವಿದ್ಯುದ್ವಿಭಜನೆಯ ಚಿತ್ರ ಬರೆಯುವಾಗ ಎರಡೂ ಪ್ರನಾಳದಲ್ಲಿ ಸಮ ಸಮ ಗ್ಯಾಸ್ ತೋರಿಸುತ್ತಾರೆ. ಒಂದು ಸಲ ಕೈಯಾರೆ ಮಾಡಿದವರು ಹಾಗೆ ಬರೆಯುವುದಿಲ್ಲ. ಒಂದು ಕಡೆ ಎರಡು ಪಟ್ಟು ಜಾಸ್ತಿ ತುಂಬಿದ್ದನ್ನು ಕಣ್ಣಾರೆ ನೋಡಿರುತ್ತಾರಲ್ಲ. ಹೈಡ್ರೋಜನ್ ಯಾವ ಕಡೆ ಅಂತ ಬಾಯಿಪಾಠ ಮಾಡಿಸುವ ಕೆಲಸವೇ ಇಲ್ಲ. ಅಂಕದ ಲೆಕ್ಕದಲ್ಲೇ ನೋಡಿದರೂ ಲ್ಯಾಬ್ ದಂಡ ಅಲ್ಲ.

ಅದಕ್ಕೆ ಪ್ಲಾಟಿನಂ ತಂತಿ ಬೇಕು ಅಂತಿಲ್ಲ. ಹಳೇ ಟಾರ್ಚ್ ಸೆಲ್ಲಿನ ಕಾರ್ಬನ್ ಕಡ್ಡಿ ಎರಡು, ಒಂಬತ್ತು ವೋಲ್ಟಿನ ಒಂದು ಬ್ಯಾಟರಿ, ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ. ನೀರಿಗೆ ಎರಡು ತೊಟ್ಟು ಆಸಿಡ್.

ಇನ್ನೊಂದು ವಿಷಯ. ನಮ್ಮದು ಅಡಿಕೆ ತೋಟದ ಊರು. ಮಳೆಗಾಲ ಬಂತೆಂದರೆ ಪ್ರತಿ ಮನೆಯಲ್ಲೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣ. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿ ಸರಿಯಾಯಿತಾ ಅಂತ ನೋಡಲು ಅದರೊಳಗೆ ಕಬ್ಬಿಣದ ಕತ್ತಿ ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಬಂದರೆ ಸುಣ್ಣ ಸಾಲದು ಅಂತ ಅರ್ಥ. 10ನೇ ತರಗತಿಯ ಮೊದಲ ಪಾಠದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟಿನಲ್ಲಿ ಅದ್ದುವ ಪ್ರಯೋಗ ಇದೆಯಲ್ಲ, ಅದೇ ಇದು. ನಾನು ಮೊಳೆ ಅದ್ದಿಸಿದ ದಿನ ಹಿಂದಿನ ಬೆಂಚಿನ ಹುಡುಗ ಎದ್ದು "ಟೀಚರ್, ಇದನ್ನು ನಮ್ಮಪ್ಪ ದಿನಾ ಮಾಡ್ತಾರೆ" ಅಂದ. ವರ್ಷವಿಡೀ ಬಾಯಿ ಬಿಡದ ಹುಡುಗ ಅವನು. ಮೈಲುತುತ್ತ ಬೇಕಾದರೆ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ, ಲ್ಯಾಬ್ ಸಪ್ಲೈಯರಿಗೆ ಕಾಯಬೇಕಿಲ್ಲ. ವಿಷ ಅನ್ನುವುದು ನೆನಪಿರಲಿ, ಕೈ ತೊಳೆಸಿ.

ಕಲಬುರಗಿ ಕಡೆಯವ:

ಮೇಡಂ ಅವರ ಕತ್ತಿಯ ಕತೆ ಭಾಳ ಚೆನ್ನಾಗಿದೆ. ನಮ್ಮ ಕಡೆಯದೂ ಒಂದು ಹೇಳುತ್ತೇನೆ. ನಮ್ಮ ಶಾಲೆಯ ಲ್ಯಾಬ್ ಕಟ್ಟೆಗೆ ಗುತ್ತಿಗೆದಾರರು ಶಹಾಬಾದ್ ಕಲ್ಲು ಹಾಸಿದರು. ಇಲ್ಲಿ ಅದು ಅಗ್ಗ. ಮೊದಲ ದಿನವೇ ಒಂದು ಹುಡುಗಿ ಆಸಿಡ್ ಚೆಲ್ಲಿದಳು, ಕಲ್ಲು ಬುಸುಬುಸು ಅಂತು. ಶಹಾಬಾದ್ ಅಂದರೆ ಸುಣ್ಣದ ಕಲ್ಲೇ ಅಲ್ಲವೇ. ನಿಮ್ಮ ಕಡೆ ಹಾಕುವ ಕಡಪ ಕಲ್ಲೂ ಅದೇ ಜಾತಿ. ಕಟ್ಟೆ ಮಾಡಿಸುವುದಿದ್ದರೆ ಗ್ರಾನೈಟ್ ಹಾಕಿಸಿ ಸರ್, ಅದು ತಡೆಯುತ್ತದೆ. ನಾವು ಈಗ ಆ ಹಳ್ಳ ಬಿದ್ದ ಜಾಗವನ್ನೇ ಕಾರ್ಬೊನೇಟ್ ಪಾಠಕ್ಕೆ ತೋರಿಸುತ್ತೇವೆ. ಮಾಡಿದ್ದು ತಪ್ಪು, ಪಾಠ ಪುಕ್ಕಟೆ.

ನಿವೃತ್ತ ಎಚ್.ಎಂ.:

ಬಂದೆ. ವೇಳಾಪಟ್ಟಿ.

ಎಲ್ಲರೂ ಮಾಡುವ ತಪ್ಪು ಏನೆಂದರೆ, ಪ್ರತಿ ವಾರ ಪ್ರತಿ ಸೆಕ್ಷನ್ನಿಗೆ ಲ್ಯಾಬ್ ಅಂತ ಬರೆದು ಗೋಡೆಗೆ ಅಂಟಿಸುವುದು. ಜುಲೈ ಹೊತ್ತಿಗೆ ಅದು ಸತ್ತಿರುತ್ತದೆ. ನಿಮ್ಮದು ಆರು ಸೆಕ್ಷನ್. ಹದಿನೈದು ದಿನಕ್ಕೊಮ್ಮೆ ಒಂದು ಜೋಡಿ ಪೀರಿಯಡ್ ಅಂದರೆ ವಾರಕ್ಕೆ ಮೂರೇ ಸಲ ಲ್ಯಾಬ್ ತೆಗೆದರೆ ಸಾಕು. 80 ನಿಮಿಷ ಸಿಕ್ಕರೆ ನಿಮ್ಮ ಆ 28 ನಿಮಿಷದ ಓಡಾಟ ಕಳೆದೂ 52 ಉಳಿಯುತ್ತದೆ. ಒಂದು ಪೀರಿಯಡ್ಡಿನಲ್ಲಿ 12. ಜೋಡಿ ಮಾಡಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಮೀರಿ ಸಿಗುತ್ತದೆ. ಇದನ್ನು ಸ್ಟಾಫ್ ಮೀಟಿಂಗಿನಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿ. ಜೂನ್‌ನಿಂದ ಜನವರಿವರೆಗೆ ದಸರಾ ರಜೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಪರೀಕ್ಷೆ ಎಲ್ಲ ಕಳೆದರೂ ಒಂದೊಂದು ಸೆಕ್ಷನ್ನಿಗೆ ಹತ್ತು ಹನ್ನೆರಡು ಸಲ ಆಗುತ್ತದೆ. ಸೊನ್ನೆಯಿಂದ ಹನ್ನೆರಡಕ್ಕೆ.

ಜೋಡಿ ಪೀರಿಯಡ್ ಎಲ್ಲಿಂದ ತರುವುದು? ಪಿಸಿಎಂನವರಿಗೆ ಒಂದು ಅನುಕೂಲ ಇದೆ. ನಿಮ್ಮ ಹತ್ತಿರ ಗಣಿತವೂ ಇದೆ. ನೀವು ಎರಡೂ ತೆಗೆದುಕೊಳ್ಳುವ ಸೆಕ್ಷನ್ನಿಗೆ ವಾರದಲ್ಲಿ ಒಂದು ದಿನ ಗಣಿತ, ವಿಜ್ಞಾನ ಅಕ್ಕಪಕ್ಕ ಹಾಕಿ. ಲ್ಯಾಬ್ ಇಲ್ಲದ ವಾರ ಅವು ಬೇರೆ ಬೇರೆ. ಲ್ಯಾಬ್ ಇರುವ ವಾರ ಎರಡೂ ವಿಜ್ಞಾನ. ಸಾಲ ತೆಗೆದ ಗಣಿತದ ಪೀರಿಯಡ್ಡನ್ನು ಮುಂದಿನ ವಾರ ವಿಜ್ಞಾನದಿಂದ ತೀರಿಸಿ. ಕನ್ನಡದವರು, ಸಮಾಜದವರು ಯಾರನ್ನೂ ಕೇಳುವಂತಿಲ್ಲ, ಜಗಳ ಇಲ್ಲ. ನಿಮ್ಮ ಶಾಲೆಯ ಸಿಬಿಝಡ್ ಮೇಡಂ ಅವರಿಗೆ ಗಣಿತ ಇಲ್ಲ, ಹಾಗಾಗಿ ದೈಹಿಕ ಶಿಕ್ಷಕರ ಜೊತೆ ಅದಲು ಬದಲು ಮಾಡಿಕೊಳ್ಳಬೇಕು. ಆಟದ ಪೀರಿಯಡ್ ಕಿತ್ತುಕೊಂಡು ವಾಪಸ್ ಕೊಡದೇ ಇದ್ದರೆ ಮಕ್ಕಳು ಲ್ಯಾಬನ್ನೇ ಶಪಿಸುತ್ತಾರೆ, ಹುಷಾರು.

ಊಟದ ನಂತರದ ಎರಡು ಪೀರಿಯಡ್ ಒಳ್ಳೆಯದು. ಊಟದ ಬಿಡುವಿನಲ್ಲಿ ನಾಲ್ಕು ಮಕ್ಕಳು ಸಾಮಾನು ಜೋಡಿಸಿ ಇಟ್ಟಿರುತ್ತಾರೆ.

ಉಡುಪಿ ಸೈನ್ಸ್:

ಊಟದ ನಂತರ ಅನ್ನುವುದನ್ನು ಒಪ್ಪುವುದಿಲ್ಲ ಸರ್, ಎಲ್ಲದಕ್ಕೂ ಅಲ್ಲ. ನಿಮ್ನ ದರ್ಪಣದ ಸಂಗಮದೂರ ನೋಡಲು ಬಿಸಿಲು ಬೇಕು. ಕಿಟಕಿ ಪೂರ್ವಕ್ಕಿದ್ದರೆ ಮಧ್ಯಾಹ್ನ ಬೆಳಕೇ ಬರುವುದಿಲ್ಲ. ಕನ್ನಡಿ ಇರುವ ಸೂಕ್ಷ್ಮದರ್ಶಕಕ್ಕೂ ಅಷ್ಟೇ, ಬೆಳಗ್ಗೆ ಹತ್ತರಿಂದ ಹನ್ನೆರಡು ಲಾಯಕ್ಕು. ನಮ್ಮಲ್ಲಿ ಜೂನ್, ಜುಲೈ ಪೂರ್ತಿ ಬೆಳಕಿನ ಪಾಠ ಮುಟ್ಟುವುದೇ ಇಲ್ಲ. ಮೋಡ. ಆಗ ರಸಾಯನಶಾಸ್ತ್ರ ಮುಗಿಸಿ ಬೆಳಕನ್ನು ನವೆಂಬರಿಗೆ ತಳ್ಳುತ್ತೇವೆ. ಪಾಠಗಳ ಕ್ರಮವನ್ನು ಊರಿನ ಹವೆ ನೋಡಿ ಹಾಕಿಕೊಳ್ಳಬೇಕು.

ಮಸೂರಕ್ಕೆ ಬೂಸ್ಟು ಹಿಡಿಯುವುದು ನಮ್ಮ ಕಡೆಯ ದೊಡ್ಡ ಕಾಟ. ಸೂಕ್ಷ್ಮದರ್ಶಕವನ್ನು ಮರದ ಪೆಟ್ಟಿಗೆಯಲ್ಲಿ ಮುಚ್ಚಿ, ಒಳಗೆ ನೀಲಿ ಸಿಲಿಕಾ ಜೆಲ್ ಬಟ್ಟೆಗಂಟು. ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಕುಡಿದು ತುಂಬಿದೆ ಅಂತ. ಬಿಸಿ ಮಾಡಿದರೆ ಮತ್ತೆ ನೀಲಿ.

ಬೀಗದ ಕೈ ಮೇಷ್ಟ್ರು:

ಎಚ್.ಎಂ. ಸರ್, ಗಣಿತದ ಪಕ್ಕ ವಿಜ್ಞಾನ ಅನ್ನುವುದು ಹೊಳೆದೇ ಇರಲಿಲ್ಲ! ಮೂರು ಸೆಕ್ಷನ್ನಿಗೆ ನಾನೇ ಎರಡೂ ತೆಗೆದುಕೊಳ್ಳುತ್ತೇನೆ. ಇನ್ನು ಮೂರಕ್ಕೆ ಅತಿಥಿ ಶಿಕ್ಷಕರ ಗಣಿತ, ಅವರ ಜೊತೆ ಮಾತಾಡಬೇಕು. ಉಡುಪಿ ಸರ್, ನಮ್ಮ ಲ್ಯಾಬ್ ಕಿಟಕಿ ಪಶ್ಚಿಮಕ್ಕಿದೆ, ಮಧ್ಯಾಹ್ನ ಬಿಸಿಲು ಧಾರಾಳ.

ಆ ಸತ್ತ ಕಾಂತಗಳನ್ನು ಎಸೆಯಬೇಕಾ?

ಉಡುಪಿ ಸೈನ್ಸ್:

ಎಸೆಯಬೇಡಿ ಮಾರಾಯ್ರೇ. ಯಾರೋ ಒಂದೇ ಡಬ್ಬಿಯಲ್ಲಿ ಗುಡ್ಡೆ ಹಾಕಿರುತ್ತಾರೆ, ಬೀಳಿಸಿರುತ್ತಾರೆ. ಒಂದು ಬಲವಾದ ಕಾಂತದ ಒಂದೇ ತುದಿಯಿಂದ, ಒಂದೇ ದಿಕ್ಕಿನಲ್ಲಿ ಮೂವತ್ತು ನಲವತ್ತು ಸಲ ಉಜ್ಜಿ. ಪರವಾಗಿಲ್ಲ ಅನ್ನುವಷ್ಟು ಬರುತ್ತದೆ. ಅದೂ ಒಂದು ಪ್ರಯೋಗವೇ, ಮಕ್ಕಳ ಕೈಲಿ ಮಾಡಿಸಿ. ಮತ್ತೆ ಇಡುವಾಗ ಜೋಡಿ ಜೋಡಿ, ಒಂದರ ಉತ್ತರದ ಪಕ್ಕ ಇನ್ನೊಂದರ ದಕ್ಷಿಣ, ಎರಡೂ ತುದಿಗೆ ಮೆದು ಕಬ್ಬಿಣದ ತುಂಡು. ಮತ್ತೆ ಟಾರ್ಚುಗಳಲ್ಲಿ ಸೆಲ್ ಬಿಟ್ಟು ರಜೆಗೆ ಹೋಗಬೇಡಿ, ಸೋರುತ್ತದೆ.

ಹಳೇ ವಿದ್ಯಾರ್ಥಿ, ಬೆಂಗಳೂರು:

ನಾನು ಶಿಕ್ಷಕ ಅಲ್ಲ, ಐಟಿಯಲ್ಲಿದ್ದೇನೆ. ಸರ್ಕಾರಿ ಶಾಲೆಯಲ್ಲೇ ಓದಿದವನು. ನಾವು ಒಂಬತ್ತು ಜನ ಗೆಳೆಯರು ಸೇರಿ ನಮ್ಮ ಊರಿನ ಹೈಸ್ಕೂಲಿಗೆ ಏನಾದರೂ ಕೊಡಬೇಕು ಅಂತಿದ್ದೇವೆ. ಕೆಲವರು ಸ್ಮಾರ್ಟ್ ಬೋರ್ಡ್ ಅನ್ನುತ್ತಾರೆ, ಕೆಲವರು ದೊಡ್ಡ ಸೂಕ್ಷ್ಮದರ್ಶಕ. ಇಲ್ಲಿ ಓದುತ್ತಾ ಕೂತಾಗ ಅನುಮಾನ ಶುರುವಾಯಿತು. ಯಾವುದು ಉಪಯೋಗಕ್ಕೆ ಬರುತ್ತದೆ?

ಮಲೆನಾಡು ಸಿಬಿಝಡ್:

ಮೊದಲು ಕೇಳಿದ್ದಕ್ಕೆ ಥ್ಯಾಂಕ್ಸ್. ಜನ ಕೇಳದೇ ಕೊಡುತ್ತಾರೆ, ಆಮೇಲೆ ಹೆಸರು ಕೆತ್ತಿಸಿ ಹೋಗುತ್ತಾರೆ.

ದೊಡ್ಡದು ಒಂದು ಬೇಡ, ಸಣ್ಣದು ಎಂಟು ಕೊಡಿ. ಒಂದು ಸೆಕ್ಷನ್ನಿನಲ್ಲಿ ಮೂವತ್ತೈದು ಮಕ್ಕಳು ಅಂದರೆ ಐದೈದು ಜನರ ಏಳು ಗುಂಪು. ಏಳು ಸೆಟ್ ಬೇಕು, ಒಂದು ಒಡೆದರೆ ಇರಲಿ ಅಂತ ಎಂಟು. ನನ್ನ ಪಟ್ಟಿಯಲ್ಲಿ ಇರುವುದು ಎಂಟು ಪ್ರನಾಳ ಸ್ಟ್ಯಾಂಡ್, ಎಂಟು ಸ್ಪಿರಿಟ್ ಲ್ಯಾಂಪ್, ಇಕ್ಕಳ, ಡ್ರಾಪರ್, ಪೀನ ಮಸೂರ, ನಿಮ್ನ ದರ್ಪಣ, ದಿಕ್ಸೂಚಿ, ನೈಕ್ರೋಮ್ ತಂತಿ, ಸ್ಪ್ರಿಂಗ್ ತಕ್ಕಡಿ. ಕಣ್ಣಿಗೆ ಕನ್ನಡಕ. ನಲ್ಲಿ ಇರುವ ಎರಡು ನೀರಿನ ಡ್ರಮ್, ಎರಡು ಮರಳಿನ ಬಕೆಟ್. ಯಾವುದೂ ಫೋಟೋಗೆ ಚೆಂದ ಕಾಣುವುದಿಲ್ಲ. ಆಳೆತ್ತರದ ಅಸ್ಥಿಪಂಜರ ಫೋಟೋಗೆ ಚೆಂದ.

ಸೂಕ್ಷ್ಮದರ್ಶಕವೇ ಕೊಡಬೇಕು ಅನಿಸಿದರೆ ಫೋಲ್ಡ್‌ಸ್ಕೋಪ್ ನೋಡಿ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಅವರ ತಂಡ ಮಾಡಿದ ಕಾಗದದ ಸೂಕ್ಷ್ಮದರ್ಶಕ. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಈರುಳ್ಳಿ ಕೋಶಕ್ಕೆ ಸಾಕು. ಮಕ್ಕಳು ಕೆರೆ ದಂಡೆಗೂ ಒಯ್ಯಬಹುದು.

ಇನ್ನೊಂದು ಬೇಡಿಕೆ. ಎಲ್ಲ ದುಡ್ಡನ್ನೂ ಈ ವರ್ಷವೇ ಖರ್ಚು ಮಾಡಬೇಡಿ. ಪ್ರತಿ ಜೂನ್‌ನಲ್ಲಿ ಒಡೆದದ್ದನ್ನು, ಮುಗಿದದ್ದನ್ನು ತುಂಬಿಕೊಡಿ. ಐದು ವರ್ಷ ಸ್ಪಿರಿಟ್, ಮೆಗ್ನೀಸಿಯಂ ಪಟ್ಟಿ, ಲಿಟ್ಮಸ್ ಕೊಡುವ ದಾನಿ ನನಗಿನ್ನೂ ಸಿಕ್ಕಿಲ್ಲ.

ಅಟಲ್ ಲ್ಯಾಬ್ ಮೇಷ್ಟ್ರು:

ಮೇಡಂ ಕೊನೆಗೆ ಹೇಳಿದ್ದು ನನ್ನ ಎದೆಗೆ ಬಿತ್ತು. ನಮ್ಮ ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ ಬಂದಿತ್ತು, ಮಕ್ಕಳು ಸಣ್ಣ ಸಣ್ಣ ಯಂತ್ರ ತಾವೇ ಮಾಡಿ ಕಲಿಯಲಿ ಅಂತ ಕೇಂದ್ರ ಸರ್ಕಾರ ಕೊಡುವ ಲ್ಯಾಬ್. ಯೋಜನೆ 2016ರದ್ದು. ಒಂದು ಶಾಲೆಗೆ 20 ಲಕ್ಷ, ಅದರಲ್ಲಿ 10 ಸಾಮಾನಿಗೆ, ಉಳಿದ 10 ಐದು ವರ್ಷದ ನಡೆಸುವ ಖರ್ಚಿಗೆ. ಮೊದಲ ಎರಡು ವರ್ಷ ಜಾತ್ರೆ. ಮಕ್ಕಳು ಆರ್ಡಿನೋ ಅನ್ನುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್ ಇಟ್ಟುಕೊಂಡು ತೊಟ್ಟಿ ತುಂಬಿದರೆ ಕೂಗುವ ಗಂಟೆ ಮಾಡಿದರು. ಈಗ ಐದು ವರ್ಷ ಮುಗಿದಿದೆ. ತ್ರೀಡಿ ಪ್ರಿಂಟರಿನ ಪ್ಲಾಸ್ಟಿಕ್ ದಾರ ತೇವ ಹೀರಿ ಪಟಪಟ ಮುರಿಯುತ್ತದೆ. ಹೊಸದಕ್ಕೆ ದುಡ್ಡಿಲ್ಲ. ಕಲಿತಿದ್ದ ಮೇಷ್ಟ್ರಿಗೆ ವರ್ಗಾವಣೆ. ಬೀಗದ ಕೈ ಈಗ ನನ್ನ ಹತ್ತಿರ, ನಾನು ಹಿಂದಿ ಶಿಕ್ಷಕ.

2025ರ ಕೇಂದ್ರ ಬಜೆಟ್ಟಿನಲ್ಲಿ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಇಂಥ ಲ್ಯಾಬ್ ಅಂದಿದ್ದಾರೆ. ಸಂತೋಷ. ಆದರೆ ಟಿಂಕರಿಂಗ್ ಲ್ಯಾಬ್ ಬೇರೆ, ವಿಜ್ಞಾನದ ಲ್ಯಾಬ್ ಬೇರೆ. ನಮ್ಮಲ್ಲಿ ರೋಬೋ ಇದ್ದ ಕಾಲದಲ್ಲೂ ಪಕ್ಕದ ಕೋಣೆಯಲ್ಲಿ ಪ್ರನಾಳ ತೊಳೆಯಲು ನೀರಿರಲಿಲ್ಲ.

ಎಸ್‌ಡಿಎಂಸಿ ಅಪ್ಪ:

ನಮಸ್ಕಾರ ಗುರುಗಳೇ. ನಾನು ರೈತ, ಮಗಳು 9ನೇ ಕ್ಲಾಸ್, ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯ. ಅಕ್ಕಿ ಮೂಟೆ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಶಾಲೆಯಲ್ಲೂ ಅದೇ ಕತೆ ಇತ್ತು. ಕಾರಣ ಸರಳ. ಲ್ಯಾಬಿಗೆ ಗಟ್ಟಿ ಬಾಗಿಲು, ಗಟ್ಟಿ ಬೀಗ ಇರುತ್ತದೆ. ಇಡೀ ಶಾಲೆಯಲ್ಲಿ ಇಲಿ ನುಗ್ಗದ ಕೋಣೆ ಅದೊಂದೇ. ಸುಮ್ನೆ "ತೆಗೀರಿ" ಅಂದರೆ ಯಾರೂ ತೆಗೆಯುವುದಿಲ್ಲ. ನಾವು ಊರಿನವರು ಸೇರಿ ಅಡುಗೆಮನೆ ಪಕ್ಕದ ಕೋಣೆಗೆ ಬಾಗಿಲ ಕೆಳಗೆ ತಗಡು ಹೊಡೆದೆವು, ಮೂಟೆ ಇಡಲು ಮರದ ಅಟ್ಟಣಿಗೆ ಮಾಡಿದೆವು. ಮಾರನೇ ದಿನ ಅಡುಗೆಯವರೇ ಮೂಟೆ ಸಾಗಿಸಿದರು. ಆಸಿಡ್ ಇರುವ ಕೋಣೆಯಲ್ಲಿ ಮಕ್ಕಳು ತಿನ್ನುವ ಅಕ್ಕಿ ಇಡಬಾರದು ಅಂತ ಮೀಟಿಂಗಿನಲ್ಲಿ ಒಂದು ಮಾತು ಹೇಳಿ. ತಾಯಂದಿರು ಉಳಿದದ್ದನ್ನು ನೋಡಿಕೊಳ್ಳುತ್ತಾರೆ.

ಅನುದಾನ ಎಷ್ಟು ಬರುತ್ತದೆ ಅಂತ ನಮಗೆ ಯಾರಾದರೂ ಹೇಳುತ್ತೀರಾ?

ನಿವೃತ್ತ ಎಚ್.ಎಂ.:

ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಲ್ಲಿ ಶಾಲಾ ಅನುದಾನ ಮಕ್ಕಳ ಸಂಖ್ಯೆ ಮೇಲೆ. 100 ದಾಟಿ 250ರ ಒಳಗೆ ಇದ್ದರೆ ವರ್ಷಕ್ಕೆ 50,000 ರೂಪಾಯಿ, 250 ದಾಟಿ 1,000ದ ಒಳಗೆ ಇದ್ದರೆ 75,000. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ. ಉಳಿದದ್ದರಲ್ಲಿ ಸೀಮೆಸುಣ್ಣ, ಕರೆಂಟು, ರಿಪೇರಿ, ಲ್ಯಾಬ್ ಎಲ್ಲ. ಲ್ಯಾಬಿನ ಸಿಂಕು, ನಲ್ಲಿಯನ್ನು ರಿಪೇರಿ ಲೆಕ್ಕದಲ್ಲೇ ಕೇಳಿ. ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಬರೆಸಿದರೆ ಹೆಡ್‌ಮಾಸ್ಟರಿಗೂ ಧೈರ್ಯ.

ಪಿಯು ಕೆಮಿಸ್ಟ್ರಿ:

ಬಾಟಲಿಯ ಮನುಷ್ಯ ಮತ್ತೆ ಬಂದೆ. ಮೊದಲ ಪಿಯುಗೆ ಬರುವ ಸರ್ಕಾರಿ ಶಾಲೆ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಪಿಪೆಟ್ಟನ್ನು ಹೆಬ್ಬೆರಳಿನಲ್ಲಿ ಮುಚ್ಚುತ್ತಾರೆ, ತೋರುಬೆರಳಿನಲ್ಲಿ ಅಲ್ಲ. ಗ್ಲಾಸು ಹಿಡಿದರೆ ಕೈ ನಡುಗುತ್ತದೆ. ಬುದ್ಧಿ ಕಡಿಮೆ ಅಂತಲ್ಲ, ಹತ್ತು ವರ್ಷ "ಮುಟ್ಟಬೇಡ" ಅಂತ ಕೇಳಿರುತ್ತಾರೆ. ದ್ವಿತೀಯ ಪಿಯುನಲ್ಲಿ ಪ್ರಾಯೋಗಿಕ ಪರೀಕ್ಷೆಗೆ 30 ಅಂಕ ಇದೆ, ಹಾಗಾಗಿ ನಮ್ಮ ಲ್ಯಾಬ್ ತೆರೆದೇ ಇರುತ್ತದೆ. ಅಂಕ ಇದ್ದಲ್ಲಿ ಬೀಗ ಇರುವುದಿಲ್ಲ.

ಒಂದೇ ಆವರಣದಲ್ಲಿ ಹೈಸ್ಕೂಲ್, ಪಿಯು ಇರುವ ಕಡೆ ಒಂದು ಉಪಾಯ. ಜೂನ್, ಜುಲೈನಲ್ಲಿ ನಮ್ಮಲ್ಲಿ ಅಡ್ಮಿಷನ್ ಗಲಾಟೆ, ಲ್ಯಾಬ್ ಬಹುತೇಕ ಖಾಲಿ. ಆ ಎರಡು ತಿಂಗಳು ಹೈಸ್ಕೂಲಿನವರು ಬಂದು 10ನೇ ತರಗತಿಯ ರಾಸಾಯನಿಕ ಕ್ರಿಯೆ, ಆಮ್ಲ ಪ್ರತ್ಯಾಮ್ಲ ಮುಗಿಸಿಕೊಳ್ಳಬಹುದು. ನಾವು ಹೀಗೆ ಎರಡು ವರ್ಷ ನಡೆಸಿದೆವು. ಆಮೇಲೆ ಪ್ರಿನ್ಸಿಪಾಲರು ಬದಲಾದರು, ನಿಂತಿತು.

ಹಾಂ, ಪುಸ್ತಕದಲ್ಲಿ ಲೆಡ್ ನೈಟ್ರೇಟ್, ಪೊಟ್ಯಾಸಿಯಂ ಅಯೋಡೈಡ್ ಬೆರೆಸಿ ಹಳದಿ ಮಾಡುವ ಪ್ರಯೋಗ ಇದೆ. ನೋಡಲು ಬಂಗಾರದಂತೆ. ಸೀಸ ವಿಷ. ಅದನ್ನು ಶಿಕ್ಷಕರೇ ಕೆಲವು ತೊಟ್ಟಿನಲ್ಲಿ ತೋರಿಸಿ, ಉಳಿದದ್ದನ್ನು ಬಾಟಲಿಯಲ್ಲಿ ಕೂಡಿಡಿ, ಚರಂಡಿಗೆ ಬೇಡ. ಮಕ್ಕಳ ಕೈಗೆ ಮೈಲುತುತ್ತ ಮತ್ತು ವಾಷಿಂಗ್ ಸೋಡಾ ಕೊಡಿ, ನೀಲಿ ಹಸಿರು ಗಸಿ ಬರುತ್ತದೆ. ಸುಣ್ಣದ ತಿಳಿನೀರಿಗೆ ಎಲೆ ಅಡಿಕೆಯ ಸುಣ್ಣ ಸಾಕು. ರಾತ್ರಿ ನೆನೆಸಿ ಬೆಳಿಗ್ಗೆ ತಿಳಿ ಬಸಿದು ಬಿರಡೆ ಹಾಕಿ. ಗಾಳಿಗೆ ಬಿಟ್ಟರೆ ಮಕ್ಕಳು ಊದುವ ಮೊದಲೇ ಹಾಲಿನಂತೆ ಬೆಳ್ಳಗಾಗಿರುತ್ತದೆ.

ಕಲಬುರಗಿ ಕಡೆಯವ:

ಅಗಸ್ತ್ಯ ಸಂಸ್ಥೆಯ ಸಂಚಾರಿ ಲ್ಯಾಬ್ ವ್ಯಾನ್ ಬಗ್ಗೆ ಯಾರೂ ಹೇಳಲಿಲ್ಲ. ಬಂದ ದಿನ ಮಕ್ಕಳಿಗೆ ಹಬ್ಬ. ಹೋದ ಮೇಲೆ ಮತ್ತೆ ನಮ್ಮ ಬೀರು, ನಮ್ಮ ಬೀಗ. ಬರಲಿ, ಬೇಡ ಅನ್ನುವುದಿಲ್ಲ. ಅದನ್ನೇ ಲ್ಯಾಬ್ ಅಂದುಕೊಂಡು ಕೂರಬಾರದು.

ನಿವೃತ್ತ ಎಚ್.ಎಂ.:

ಪಿಯು ಸರ್ "ಅಂಕ ಇದ್ದಲ್ಲಿ ಬೀಗ ಇರುವುದಿಲ್ಲ" ಅಂದರಲ್ಲ, ಅದಕ್ಕೊಂದು ಹಳೇ ಕತೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಒಂದು ವಿಜ್ಞಾನ ಕಾರ್ಯಕ್ರಮ ಶುರುವಾಯಿತು. ಪಾಠ ಹೇಳುವ ಪುಸ್ತಕ ಇಲ್ಲ, ಪ್ರಯೋಗ ಮಾಡಿ ಅನ್ನುವ ಪುಸ್ತಕ. ನಾಲ್ಕು ಮಕ್ಕಳ ಗುಂಪು, ಗುಂಪಿಗೆ ಸಾಮಾನು. ನೂರಾರು ಶಾಲೆಗೆ ಹರಡಿತು. ಶಿಕ್ಷಣದ ಕೆಲಸ ಮಾಡುವ ಏಕಲವ್ಯ ಸಂಸ್ಥೆ ಹುಟ್ಟಿದ್ದು ಇದರ ಬೆನ್ನಿಗೇ. ಅವರ ಪರೀಕ್ಷೆಯಲ್ಲೂ ಪ್ರಯೋಗ ಇತ್ತು, ಪುಸ್ತಕ ತೆರೆದಿಟ್ಟು ಉತ್ತರ ಬರೆಯಬಹುದಿತ್ತು. ಸಾಮಾನು, ತರಬೇತಿ, ಪರೀಕ್ಷೆ ಮೂರನ್ನೂ ಒಟ್ಟಿಗೆ ಬದಲಿಸಿದ್ದಕ್ಕೇ ಅದು ಮೂವತ್ತು ವರ್ಷ ನಡೆಯಿತು. 2002ರಲ್ಲಿ ಸರ್ಕಾರ ನಿಲ್ಲಿಸಿತು. ನಾವು ಸಾಮಾನು ಮಾತ್ರ ಬದಲಿಸುತ್ತಾ ಇದ್ದೇವೆ.

ರಿಸಲ್ಟ್ ಗಣಿತ:

ಒಪ್ಪಿದೆ. ಅಂದರೆ ನಾನು ಹೇಳಿದ್ದೂ ಅದೇ. ಪರೀಕ್ಷೆ ಬದಲಾಗದೆ ಮೇಷ್ಟ್ರಿಗೆ ಬುದ್ಧಿ ಹೇಳಬೇಡಿ.

ಆದರೂ ಆ ಎರಡು ಪಟ್ಟು ಗ್ಯಾಸಿನ ಮಾತು ತಲೆಯಲ್ಲಿ ಉಳಿಯಿತು. ಹೋದ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆ ಕಟ್ಟು ತೆಗೆದು ನೋಡಿದೆ. ನಮ್ಮ ಮಕ್ಕಳೂ ಸಮ ಸಮವೇ ಬರೆದಿದ್ದಾರೆ.

ಬೀಗದ ಕೈ ಮೇಷ್ಟ್ರು, ಐದು ವಾರದ ನಂತರ:

ಏನಾಯಿತು ಅಂತ ಹೇಳಬೇಕಲ್ಲ.

ಸಣ್ಣ ಬಾಟಲಿಯನ್ನು ಪಕ್ಕದ ಕಾಲೇಜಿನವರು ಒಯ್ದರು, ಸೋಡಿಯಮ್ಮೇ ಆಗಿತ್ತು. ಮೂಟೆ ಅರ್ಧ ಹೋಗಿದೆ, ಅರ್ಧಕ್ಕೆ ಅಟ್ಟಣಿಗೆ ಸಾಲಲಿಲ್ಲ. ಹೆಡ್‌ಮಾಸ್ಟರ್ "ಒಡೆದದ್ದು" ಪುಸ್ತಕ ನೋಡಿ ಮೊದಲು ನಕ್ಕರು, ಆಮೇಲೆ ಸಹಿ ಹಾಕಿದರು. ಇಲ್ಲಿಯವರೆಗೆ ಏಳು ಪ್ರನಾಳ, ಒಂದು ಬೀಕರ್.

ಮಂಗಳವಾರ, ಬುಧವಾರ, ಶುಕ್ರವಾರ ಊಟದ ನಂತರ ಲ್ಯಾಬ್. ನನ್ನ ಮೂರು ಸೆಕ್ಷನ್ನಿಗೆ ಗಣಿತದ ಉಪಾಯ ನಡೆಯುತ್ತಿದೆ. ಅತಿಥಿ ಶಿಕ್ಷಕರು ತಮ್ಮ ಪೀರಿಯಡ್ ಬಿಟ್ಟುಕೊಟ್ಟರು, ಅಷ್ಟೇ ಅಲ್ಲ, ಲ್ಯಾಬಿಗೂ ಬಂದು ನಿಂತರು. ಎಂಎಸ್ಸಿ ಮಾಡಿದ ಹುಡುಗ ಅವರು, ನನಗಿಂತ ಚೆನ್ನಾಗಿ ಸರ್ಕ್ಯೂಟ್ ಜೋಡಿಸುತ್ತಾರೆ. ಹತ್ತನೆಯವರನ್ನು ಮಾತ್ರ ಇನ್ನೂ ಒಂದೇ ಸಲ ಕರೆತರಲು ಆಗಿದೆ. ಅಲ್ಲಿ ರಿಸಲ್ಟ್ ಸರ್ ಗೆದ್ದರು.

9ನೆಯವರು ಮತ್ತೆ ಈರುಳ್ಳಿ ಮಾಡಿದರು. ಈ ಸಲ ಮೂವತ್ತೇಳರಲ್ಲಿ ಮೂವತ್ತೈದು ಜನ ನೋಡಿದರು, ಇಬ್ಬರು ರಜೆ. ಒಬ್ಬಳು "ಸರ್, ಇದು ಇಟ್ಟಿಗೆ ಗೋಡೆ ಥರ ಇದೆ, ಗಾರೆ ಯಾವುದು?" ಅಂತ ಕೇಳಿದಳು. ಕೋಶಭಿತ್ತಿ ಅಂತ ನಾನು ಹೇಳುವ ಮೊದಲೇ ಪಕ್ಕದವನು ಹೇಳಿದ.

ಮುಂದಿನ ವಾರ 10ನೇ ತರಗತಿಗೆ ಎಲೆಯಲ್ಲಿ ಪಿಷ್ಟ ಇದೆಯಾ ಅಂತ ನೋಡುವ ಪ್ರಯೋಗ. ನಮ್ಮ ಸಿಬಿಝಡ್ ಮೇಡಂ ರಜೆಯಲ್ಲಿದ್ದಾರೆ, ನಾನೇ ಮಾಡಿಸಬೇಕು. ಎಲೆಯನ್ನು ಸ್ಪಿರಿಟ್ಟಿನಲ್ಲಿ ಕುದಿಸುವುದು ಅಂದರೆ ಭಯ.

ಮಲೆನಾಡು ಸಿಬಿಝಡ್:

ಬೆಂಕಿಯೇ ಬೇಡ ಸರ್. ಬಿಸಿಯೂಟದ ಅಡುಗೆಮನೆಯಿಂದ ಒಂದು ಪಾತ್ರೆ ಕುದಿಯುವ ನೀರು ತರಿಸಿ. ಸ್ಪಿರಿಟ್ ಇರುವ ಪ್ರನಾಳವನ್ನು ಅದರಲ್ಲಿ ನಿಲ್ಲಿಸಿ. ಸ್ಪಿರಿಟ್ 78 ಡಿಗ್ರಿಗೇ ಕುದಿಯುತ್ತದೆ, ಆ ಬಿಸಿಯೇ ಸಾಕು. ಕೋಣೆಯಲ್ಲಿ ಒಂದು ದೀಪವೂ ಉರಿಯುತ್ತಿರಬಾರದು, ಕಿಟಕಿ ತೆಗೆದಿರಲಿ.

ಮತ್ತೆ ಶುಕ್ರವಾರ ಲ್ಯಾಬ್ ಅಂದರೆ ಮಂಗಳವಾರವೇ ಗಿಡವನ್ನು ಕತ್ತಲೆ ಕೋಣೆಗೆ ಸೇರಿಸಬೇಕು, ಎಲೆಯಲ್ಲಿ ಮೊದಲೇ ಇರುವ ಪಿಷ್ಟ ಖಾಲಿಯಾಗಲಿ ಅಂತ. ಶುಕ್ರವಾರ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಬಿಸಿಲಿಗೆ. ಗಿಡ ಇದೆಯಾ?

ಬೀಗದ ಕೈ ಮೇಷ್ಟ್ರು:

ಬಣ್ಣದ ಎಲೆಯ ಕ್ರೋಟನ್ ಹೆಡ್‌ಮಾಸ್ಟರ್ ಕೋಣೆ ಮುಂದೆ ಎರಡು ಕುಂಡ ಇದೆ. ಕೇಳಿ ನೋಡುತ್ತೇನೆ. ಕತ್ತಲೆ ಕೋಣೆ ಮಾತ್ರ ಇರುವುದು ಒಂದೇ, ಉಳಿದ ಅಕ್ಕಿ ಮೂಟೆ ಇರುವ ಮೂಲೆ.